ಊರಿನ ಸ್ಟೇಷನ್ ದಾಟಿ ಕೊಚ್ಚಿಗೆ: ದಹಿಸರ್‌ನಿಂದ ಹೊರಟ ಒಂದು ಫುಟ್ಬಾಲ್ ಯಾತ್ರೆ

ವಿಶ್ವಕಪ್ ಫುಟ್ಬಾಲ್ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ನಿದ್ದೆಗೆಡುವುದು ಹೊಸತೇನಲ್ಲ. 1986ರಲ್ಲಿ ಮೆಕ್ಸಿಕೋದ ಪಂದ್ಯಗಳು ದೂರದರ್ಶನದಲ್ಲಿ ಬಂದಾಗ ಹೊಟೇಲಿನ ಶಟರ್ ಎಳೆದು, ಗಲ್ಲೆಯ ಲೆಕ್ಕ ಮುಗಿಸಿ, ಮಾಲಕರ ಟಿವಿಯ ಮುಂದೆ ನೆಲದಲ್ಲಿ ಕುಳಿತು ಮರಡೋನಾನನ್ನು ಕಂಡವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಪಂದ್ಯಾಟ ನಡೆಯುವ ದೇಶಕ್ಕೇ ಹೋಗಿ, ಊರೂರು ಸುತ್ತಿ, ಗ್ಯಾಲರಿಯಲ್ಲಿ ಕುಳಿತು ನೋಡುವುದು ಬೇರೆಯೇ ಮಾತು. ಅದಕ್ಕೆ ರಜೆ ಬೇಕು, ವೀಸಾ ಬೇಕು, ಎಲ್ಲಕ್ಕಿಂತ ಮೊದಲು ಹಣ ಬೇಕು. ಕೊಲ್ಕತಾದ ಪನ್ನಾಲಾಲ್ ಚಟರ್ಜಿ ಮತ್ತು ಅವರ ಪತ್ನಿ ಚೈತಾಲಿ 1982ರ ಸ್ಪೇನ್‌ನಿಂದ 2018ರ ರಷ್ಯಾದ ತನಕ ಹತ್ತು ವಿಶ್ವಕಪ್‌ಗಳನ್ನು ಹೋಗಿ ನೋಡಿದರು, ಅದಕ್ಕಾಗಿ ವರ್ಷವಿಡೀ ಹೊಟ್ಟೆಬಟ್ಟೆ ಕಟ್ಟಿ ಉಳಿಸುತ್ತಿದ್ದರು ಎಂದು ಪತ್ರಿಕೆಯಲ್ಲಿ ಓದಿದಾಗ ನನ್ನ ಸೋದರಮಾವ ಹೇಳಿದ್ದು ಒಂದೇ ಮಾತು: "ಅವರಿಗೆ ಊರಿನಲ್ಲಿ ಮನೆ ಕಟ್ಟಿಸಲಿಕ್ಕೆ ಇರಲಿಲ್ಲವೋ ಏನೋ ಮಾರಾಯ."

ಮಾವನ ಮಟ್ಟಿಗೆ ಅದು ನಿಜವೇ ಆಗಿತ್ತು. 1958ರಲ್ಲಿ ಹದಿನೈದರ ಪ್ರಾಯದಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಫೋರ್ಟಿನ ಹೊಟೇಲೊಂದರಲ್ಲಿ ಕಪ್ಪು-ಬಸಿ ತೊಳೆಯುವುದರಿಂದ ಆರಂಭಿಸಿದವರು. ಹಗಲು ದುಡಿಮೆ, ರಾತ್ರಿ ಶಾಲೆ. ಇವೆರಡರ ನಡುವೆ ಸಿಕ್ಕಿದ ಒಂದೇ ಒಂದು ಶೋಕಿ ಎಂದರೆ ಕೂಪರೇಜ್ ಮೈದಾನ. ಹೊಟೇಲಿನಿಂದ ನಡೆದೇ ಹೋಗುವಷ್ಟು ಹತ್ತಿರ. ರೋವರ್ಸ್ ಕಪ್ ಪಂದ್ಯಾಟ ಬಂತೆಂದರೆ ಸಂಜೆಯ ಪಾಳಿ ಬದಲಾಯಿಸಿಕೊಂಡು ಓಡುತ್ತಿದ್ದರಂತೆ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಆಂಧ್ರ ಪೊಲೀಸ್ ಎಂದು ಇಂದಿಗೂ ಆ ಹೆಸರುಗಳನ್ನು ನೆಂಟರ ಹೆಸರಿನಂತೆ ಹೇಳುತ್ತಾರೆ.

ಇಲ್ಲಿ ಒಂದು ವಿಷಯವನ್ನು ನಮ್ಮ ಸಂಘ ಸಂಸ್ಥೆಗಳ ಯುವಕರಿಗೆ ತಿಳಿಸಬೇಕು. ಕ್ರೀಡಾಕೂಟವೆಂದರೆ ಹಗ್ಗ ಜಗ್ಗಾಟ, ವಾಲಿಬಾಲ್, ತ್ರೋಬಾಲ್, ಹೆಚ್ಚೆಂದರೆ ಕ್ರಿಕೆಟ್ ಎಂಬಂತಾಗಿರುವ ನಮಗೆ ಫುಟ್ಬಾಲ್ ಎಂದರೆ ಬಂಗಾಳಿ, ಗೋವನ್, ಮಲಯಾಳಿಗಳ ಆಟ ಎಂಬ ಭಾವನೆ ಇದೆ. ಆದರೆ 1891ರಲ್ಲಿ ಆರಂಭವಾಗಿ, ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಿನಂತಿದ್ದ ಇದೇ ಮುಂಬಯಿಯ ರೋವರ್ಸ್ ಕಪ್ಪನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು, ಮರುವರ್ಷ 1938ರಲ್ಲಿ ಮತ್ತೆ ಗೆದ್ದಿತು. ಮಾವ ಬರುವ ಹೊತ್ತಿಗೆ ಅದೆಲ್ಲ ಹಳೆಯ ಕತೆ. ಆದರೂ ಹೊಟೇಲಿನ ಹಿರಿಯ ಅಡುಗೆ ಭಟ್ಟರೊಬ್ಬರು ದೋಸೆ ಹೊಯ್ಯುತ್ತಲೇ "ನಮ್ಮ ಬೆಂಗಳೂರಿನವರು ಬಂದು ಗೆದ್ದು ಹೋದದ್ದು" ಎಂದು ಹೇಳುತ್ತಿದ್ದರಂತೆ. ಉಡುಪಿಯ ಭಟ್ಟರಿಗೆ ಬೆಂಗಳೂರು 'ನಮ್ಮದು' ಆದದ್ದು ಮುಂಬಯಿಗೆ ಬಂದ ಮೇಲೆಯೇ ಇರಬೇಕು.

ಹೀಗಿರುವಾಗ 2017ರಲ್ಲಿ ಪಂದ್ಯಾಟವೇ ನಮ್ಮ ದೇಶಕ್ಕೆ ಬಂತು. 17 ವರ್ಷದೊಳಗಿನವರ ಫಿಫಾ ವಿಶ್ವಕಪ್. ಅಕ್ಟೋಬರ್ 6ರಿಂದ 28ರ ತನಕ, 24 ದೇಶಗಳು, ಆರು ನಗರಗಳು: ದಿಲ್ಲಿ, ಕೊಲ್ಕತಾ, ಗುವಾಹಟಿ, ನವಿಮುಂಬಯಿ, ಗೋವಾ, ಕೊಚ್ಚಿ. ಕರ್ನಾಟಕಕ್ಕೆ ಒಂದು ಪಂದ್ಯವೂ ದೊರಕಲಿಲ್ಲ. ನಕ್ಷೆ ನೋಡಿದರೆ ನಮ್ಮವರಿಗೆ ಕೂಡಲೇ ಹೊಳೆಯುವ ಒಂದು ಸಂಗತಿ ಇದೆ: ಕೊನೆಯ ಮೂರು ನಗರಗಳು ಒಂದೇ ರೈಲು ದಾರಿಯಲ್ಲಿವೆ. ಅದೂ ನಾವು ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಹಬ್ಬದಲ್ಲಿ, ಮದುವೆಗೆ, ಕೋಲಕ್ಕೆ ಹೋಗುವ ಕೊಂಕಣ ರೈಲಿನ ದಾರಿ. ಜಗತ್ತಿನ ಅಭಿಮಾನಿಗಳು ಆತಿಥೇಯ ದೇಶದಲ್ಲಿ ಯಾವ ರೈಲು ಹಿಡಿಯಬೇಕೆಂದು ನಕ್ಷೆ ಬಿಡಿಸಿ ನೋಡುತ್ತಿದ್ದರೆ ನಮಗೆ ನಿಲ್ದಾಣಗಳ ಹೆಸರು ಬಾಯಿಪಾಠ.

ಮಾವನಿಗೆ ಆಗ 74 ತುಂಬಿತ್ತು. ದಹಿಸರ್ ಪೂರ್ವದ ಮನೆಯಲ್ಲಿ ಮಗಳ ಜತೆಗಿದ್ದರು. ಕೂಪರೇಜ್ ಬಿಟ್ಟ ಮೇಲೆ ಒಂದು ಪಂದ್ಯವನ್ನೂ ಮೈದಾನದಲ್ಲಿ ಕುಳಿತು ನೋಡಿದವರಲ್ಲ. ಅವರ ಮಗಳು ಇಂಟರ್‌ನೆಟ್‌ನಲ್ಲಿ ಟಿಕೆಟ್ ತೆಗೆದುಕೊಟ್ಟಳು. ನನ್ನದು ಜತೆಗೆ ಹೋಗುವ ಕೆಲಸ.

ಮೊದಲು ನೆರೂಲ್. ಅಕ್ಟೋಬರ್ 12ರಂದು ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಎರಡು ಪಂದ್ಯ. ದಹಿಸರ್‌ನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಕುರ್ಲಾ, ಮತ್ತೆ ಹಾರ್ಬರ್ ಲೈನ್. ಕಚೇರಿ ಬಿಡುವ ಹೊತ್ತಿನಲ್ಲಿ ಮರಳುವವರ ನೂಕುನುಗ್ಗಲಿಗಿಂತ ಬೇಗ ಹೊರಟರೆ ಹಿರಿಯರನ್ನು ಕರೆದೊಯ್ಯುವುದು ಕಷ್ಟವಲ್ಲ. ಪರಾಗ್ವೆ ಟರ್ಕಿಯನ್ನು 3-1ರಿಂದ, ಕೊಲಂಬಿಯಾ ಅಮೆರಿಕವನ್ನು 3-1ರಿಂದ ಸೋಲಿಸಿದವು. ಅದೇ ಹೊತ್ತಿಗೆ ದಿಲ್ಲಿಯಲ್ಲಿ ಭಾರತ ಘಾನಾದ ಎದುರು 0-4ರಿಂದ ಸೋಲುತ್ತಿತ್ತು. ಸುತ್ತಲಿನವರೆಲ್ಲ ಮೊಬೈಲಿನಲ್ಲಿ ಆ ಲೆಕ್ಕ ನೋಡುತ್ತಿದ್ದರು. ಮಾವ ಮಾತ್ರ ಮೂರು ದಿನ ಹಿಂದಿನ ಗೋಲಿನಲ್ಲೇ ಇದ್ದರು. ಅಕ್ಟೋಬರ್ 9ರಂದು ಕೊಲಂಬಿಯಾದ ವಿರುದ್ಧ ಜಾಕ್ಸನ್ ಸಿಂಗ್ ತಲೆಯಿಂದ ಹೊಡೆದದ್ದು ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ಗೋಲು ಮಣಿಪುರದ ಹುಡುಗನದ್ದು, ಕಾರ್ನರ್ ಕಿಕ್ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್‌ನದ್ದು. "ಬಡಿಸಿದವನು ನಮ್ಮವನು" ಎಂದರು ಮಾವ. ಹೊಟೇಲಿನವರ ಭಾಷೆ!

ಮುಂದಿನ ಹಂತದಲ್ಲೇ ಇದ್ದದ್ದು ತೊಡಕು. ಕ್ವಾರ್ಟರ್ ಫೈನಲ್ ಗೋವಾದಲ್ಲಿ ಅಕ್ಟೋಬರ್ 21, ಕೊಚ್ಚಿಯಲ್ಲಿ 22. ಆ ವರ್ಷ ದೀಪಾವಳಿ 19ರಂದು, ಬಲಿಪಾಡ್ಯಮಿ 20ರಂದು. ಮುಂಬಯಿ ಸೇರಿದ ಮೇಲೆ ಮಾವ ಊರಿನ ತುಡರ ಪರ್ಬಕ್ಕೆ ತಪ್ಪಿಸಿಕೊಂಡದ್ದು ಕಡಿಮೆ. ಕೆಲಸದಿಂದ ನಿವೃತ್ತರಾದ ಮೇಲಂತೂ ಒಂದು ವರ್ಷವೂ ಇಲ್ಲ. ಮನೆಯ ಹಿರಿಯನಾಗಿ ಗದ್ದೆಯಲ್ಲಿ ದೀಪ ಇಟ್ಟು ಬಲೀಂದ್ರನನ್ನು ಮೂರು ಸಲ ಕೂ ಹಾಕಿ ಕರೆಯುವುದು ಅವರದೇ ಕೆಲಸ. ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ "ಈ ಸಲ ನೀನೇ ಕರೆ" ಎಂದಾಗ ಆ ಕಡೆಯಿಂದ ಬಂದ ಪ್ರಶ್ನೆ, "ಮೈಯಲ್ಲಿ ಹುಷಾರಿಲ್ಲವಾ?" ಫುಟ್ಬಾಲ್ ನೋಡಲಿಕ್ಕೆ ಎಂದು ಹೇಳಲು ಮಾವನಿಗೆ ಬಾಯಿ ಬರಲಿಲ್ಲ. ಟಿಕೆಟ್ ಸಿಗಲಿಲ್ಲ ಎಂದುಬಿಟ್ಟರು. 20ರ ಸಂಜೆ ದಹಿಸರ್‌ನ ಮನೆಯ ಗ್ಯಾಲರಿಯಲ್ಲಿ ಒಂದು ಹಣತೆ ಇಟ್ಟು, ಕೂ ಹಾಕದೆ, ಕೈಮುಗಿದು ಹೊರಟರು. ಅಲ್ಲಿ ಕೂ ಹಾಕಿದರೆ ಕೆಳಗಿನ ವಾಚ್‌ಮನ್ ಓಡಿ ಬರುತ್ತಿದ್ದ.

ಆ ರಾತ್ರಿ ದಾದರ್‌ನಲ್ಲಿ ಕೊಂಕಣ ಕನ್ಯಾ ಹತ್ತಿ ಮರುದಿನ ಮಡಗಾಂವ್. ಫತೋರ್ಡಾದ ಕ್ರೀಡಾಂಗಣ ನಿಲ್ದಾಣದಿಂದ ದೂರವಿಲ್ಲ. ಇಂತಹ ಪ್ರವಾಸದ ಒಂದು ವಿಚಿತ್ರವೆಂದರೆ ಯಾರು ಆಡುತ್ತಾರೆಂದು ತಿಳಿಯುವ ಮೊದಲೇ ಟಿಕೆಟ್ ಕೊಂಡಿರಬೇಕು. ಮಾವನಿಗೆ ಬ್ರೆಜಿಲ್ ಬೇಕಿತ್ತು, ಸಿಕ್ಕಿದ್ದು ಇಂಗ್ಲೆಂಡ್ ಮತ್ತು ಅಮೆರಿಕ. ಬ್ರೆಜಿಲ್ ಕೊಲ್ಕತಾದ ಪಾಲಾಗಿತ್ತು. ಆದರೆ ಇಂಗ್ಲೆಂಡಿನ ರಿಯಾನ್ ಬ್ರೂಸ್ಟರ್ ಹದಿನಾಲ್ಕು ನಿಮಿಷದೊಳಗೆ ಎರಡು ಗೋಲು, ಕೊನೆಗೆ ಪೆನಾಲ್ಟಿಯಲ್ಲಿ ಮೂರನೆಯದು ಹೊಡೆದು 4-1ರಿಂದ ಗೆಲ್ಲಿಸಿದಾಗ ಬ್ರೆಜಿಲ್ ಮರೆತೇಹೋಯಿತು. ಬಾಗಿಲಲ್ಲಿ ತಪಾಸಣೆಯವರು ಮಾವನ ಎಲೆ-ಅಡಿಕೆ ಚೀಲವನ್ನು ಕಿತ್ತು ಡಬ್ಬಿಗೆ ಹಾಕಿದ್ದೊಂದೇ ಬೇಸರ. ಅರವತ್ತು ವರ್ಷದ ಚಟದವರನ್ನು ಎರಡು ಗಂಟೆ ಬಾಯಿ ಕಟ್ಟಿ ಕೂರಿಸಿದ ಹಾಗಾಯಿತು. ಹೋಗುವವರು ಇದನ್ನು ನೆನಪಿಡಬೇಕು.

ಪಂದ್ಯ ಮುಗಿದ ಕೂಡಲೇ ಸ್ಟೇಷನ್ನಿಗೆ ಬಂದು ದಕ್ಷಿಣಕ್ಕೆ ಹೋಗುವ ರಾತ್ರಿ ರೈಲು. ಕಾರವಾರ, ಕುಮಟಾ, ಹೊನ್ನಾವರದ ಶರಾವತಿ ಸೇತುವೆ, ಭಟ್ಕಳ, ಕುಂದಾಪುರ. ನಾನು ನಿದ್ದೆಯಲ್ಲಿದ್ದೆ. ಎಚ್ಚರವಾದಾಗ ಎದುರಿನ ಬರ್ತ್ ಖಾಲಿ. ಗಾಬರಿಯಿಂದ ಹೋಗಿ ನೋಡಿದರೆ ಮಾವ ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದಾರೆ. ಹೊರಗೆ ಇಂದ್ರಾಳಿಯ ಉಡುಪಿ ಸ್ಟೇಷನ್. ಬೆಳಕು ಹರಿದಿರಲಿಲ್ಲ. ಚೀಲ, ಪೆಟ್ಟಿಗೆ, ಮಿಠಾಯಿ ಡಬ್ಬಿ ಹೊತ್ತು ನಮ್ಮವರೇ ಇಳಿಯುತ್ತಿದ್ದರು, ರಿಕ್ಷಾದವರು ಕರೆಯುತ್ತಿದ್ದರು. ಇಲ್ಲಿಂದ ಮನೆಗೆ ಅರ್ಧ ಗಂಟೆಯ ದಾರಿ. ಮಾವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತಿದ್ದರು. "ಇಳಿಯುವುದಾ?" ಎಂದು ಕೇಳಿದೆ. ಉತ್ತರವಿಲ್ಲ. ರೈಲು ಹೊರಟ ಮೇಲೆ, "1998ರಲ್ಲಿ ಈ ರೈಲು ಬಂದಂದಿನಿಂದ ಇಲ್ಲಿ ಇಳಿಯದೆ ಮುಂದೆ ಹೋದದ್ದು ಇದೇ ಮೊದಲು. ಪ್ಲ್ಯಾಟ್‌ಫಾರ್ಮ್ ಇಷ್ಟು ಉದ್ದ ಇದೆ ಎಂದು ಗೊತ್ತೇ ಇರಲಿಲ್ಲ" ಎಂದರು. ಕಾಸರಗೋಡು ದಾಟಿ ಬೆಳಗಾಗುವವರೆಗೆ ಮಲಗಲಿಲ್ಲ.

ಕೊಚ್ಚಿಯ ಸಂಭ್ರಮವನ್ನು ಹೇಳತೀರದು. ಅಲ್ಲಿನ ಮೆಟ್ರೊ ಅಕ್ಟೋಬರ್ 3ರಂದಷ್ಟೇ ಮಹಾರಾಜಾಸ್ ಕಾಲೇಜಿನ ತನಕ ವಿಸ್ತಾರಗೊಂಡಿತ್ತು. ಆ ಹೊಸ ದಾರಿಯಲ್ಲೇ ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಸ್ಪೇನ್ 3, ಇರಾನ್ 1. ಫೆರಾನ್ ಟೊರೆಸ್ ಎಂಬ ಹುಡುಗನೂ ಅಂದು ಒಂದು ಗೋಲು ಹೊಡೆದ. ಮುಂದೆ ಬಾರ್ಸಿಲೋನಾಕ್ಕೆ ಆಡಿದವ. ನಮ್ಮ ಪಕ್ಕದಲ್ಲಿದ್ದ ಮಲಪ್ಪುರಂ ಕಡೆಯ ಕುಟುಂಬವೊಂದು ಅಜ್ಜಿ, ಮೊಮ್ಮಕ್ಕಳ ಸಹಿತ ಬಂದಿತ್ತು. ಆ ಅಜ್ಜಿ ಮಾವನಿಗೆ ಬಾಳೆಹಣ್ಣಿನ ಚಿಪ್ಸ್ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಆಫ್‌ಸೈಡ್ ಬಗ್ಗೆ ಜಗಳವಾಡಿದರು. ಇಂತಹ ಹುಚ್ಚಿನಿಂದಲೇ 2022ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನವರು ಹೊಳೆಯ ನಡುವೆ ಮೆಸ್ಸಿಯ ಆಳೆತ್ತರವನ್ನೂ ಮೀರಿದ ಕಟೌಟ್ ನಿಲ್ಲಿಸಿ ಜಗತ್ತಿನ ಸುದ್ದಿಯಾದದ್ದು. ನಮ್ಮ ಸಂಘಗಳ ಕ್ರೀಡಾಕೂಟಕ್ಕೆ ಅಜ್ಜಿಯಂದಿರು ಬರುವುದು ಬಹುಮಾನ ವಿತರಣೆಗೆ ಮಾತ್ರ ಎಂದು ನನಗೆ ಅಲ್ಲಿ ಅನಿಸಿದ್ದುಂಟು.

ಮರಳುವಾಗ ಉಡುಪಿಯಲ್ಲಿ ಇಳಿದೆವು. ದೀಪಾವಳಿ ಮುಗಿದು ಮೂರು ದಿನವಾಗಿತ್ತು. ಮಾವನ ಕೊರಳಲ್ಲಿ ಕೊಚ್ಚಿಯಲ್ಲಿ ಕೊಂಡ ಸ್ಪೇನ್ ತಂಡದ ಶಾಲು. ತಮ್ಮ ಅದನ್ನು ನೋಡಿದರು, ಏನೂ ಕೇಳಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, "ಟಿಕೆಟ್ ಕೊಚ್ಚಿಗೆ ಸಿಕ್ಕಿತಾ?" ಎಂದರು. ಸಣ್ಣ ಮಾತು. ಮಾವ ತಲೆ ತಗ್ಗಿಸಿ ಉಂಡರು. ಸಂಜೆ ಇಬ್ಬರೂ ಗದ್ದೆಯ ಬದುವಿನಲ್ಲಿ ಬಹಳ ಹೊತ್ತು ನಿಂತಿದ್ದರು. ಏನು ಮಾತಾಡಿದರೋ ನನಗೆ ತಿಳಿಯದು. ಮರುದಿನ ಮತ್ಸ್ಯಗಂಧಕ್ಕೆ ಬಿಡಲು ಬಂದ ತಮ್ಮ, "2018ರಲ್ಲಿ ಎಲ್ಲಿ?" ಎಂದು ಕೇಳಿದರು. ರಷ್ಯಾ ಎಂದೆ. "ಹಾಗಾದರೆ ಹಬ್ಬಕ್ಕೆ ಬರುತ್ತೀರಿ" ಎಂದರು.

ಆತಿಥೇಯ ದೇಶದಲ್ಲಿ ಸುತ್ತುವವರಿಗೆ ಕೈಕೊಡುವ ಸಂಗತಿಗಳೂ ಇವೆ. ಗುವಾಹಟಿಯಲ್ಲಿ ನಡೆಯಬೇಕಿದ್ದ ಇಂಗ್ಲೆಂಡ್-ಬ್ರೆಜಿಲ್ ಸೆಮಿಫೈನಲನ್ನು ಮಳೆಯಿಂದ ಕೆಟ್ಟ ಮೈದಾನದ ಕಾರಣ ಎರಡು ದಿನ ಮೊದಲಷ್ಟೇ ಕೊಲ್ಕತಾಕ್ಕೆ ಬದಲಾಯಿಸಲಾಯಿತು. ನಾವು ಅಲ್ಲಿಗೆ ಹೊರಟಿದ್ದರೆ ಗತಿಯೇನು? ರೈಲ್ವೆಯ ಮುಂಗಡ ಕಾದಿರಿಸುವಿಕೆ ಆಗ 120 ದಿನ ಇದ್ದದ್ದು 2024ರ ನವೆಂಬರ್‌ನಿಂದ 60 ದಿನವಾಗಿದೆ. ಪಂದ್ಯ ನೋಡಹೊರಡುವವರಿಗೆ ಇದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ವಿದೇಶದಲ್ಲಾದರೆ 2022ರ ಕತಾರ್ ಸುಲಭವಾಗಿತ್ತು. ಎಂಟೂ ಕ್ರೀಡಾಂಗಣಗಳು ದೋಹಾದ ಸುತ್ತಮುತ್ತಲೇ ಇದ್ದುದರಿಂದ ಒಂದೇ ದಿನ ಎರಡು ಪಂದ್ಯ ನೋಡಬಹುದಿತ್ತು, ಗಲ್ಫಿನ ನಮ್ಮವರಿಗೆ ಅದು ಮನೆಯಂಗಳದ ಹಬ್ಬ. 2026ರದ್ದು ಅಮೆರಿಕ, ಕೆನಡಾ, ಮೆಕ್ಸಿಕೋಗಳ 16 ನಗರಗಳಿಗೆ ಹಂಚಿದ್ದು. ರೈಲಿನಲ್ಲಿ ಸುತ್ತುವ ಮಾತೇ ಇಲ್ಲ. ಇನ್ನು 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದದ್ದು ಎಲ್ಲಿ? ಸೌದಿಯ ರಿಯಾದ್‌ನಲ್ಲಿ! ಕೊನೆಯ ಬಾರಿ ಗೆದ್ದಾಗ ಅದರ ಹೆಸರು ಮೈಸೂರು ತಂಡ, ಗೆದ್ದದ್ದು ಬೆಂಗಳೂರಿನಲ್ಲಿ. ಸುದ್ದಿ ತಿಳಿದಾಗ ಮಾವ, "ಕೂಪರೇಜ್‌ನಲ್ಲಿ ಇಟ್ಟಿದ್ದರೆ ನಡೆದು ಹೋಗಬಹುದಿತ್ತು" ಎಂದರು. ದಹಿಸರ್‌ನಿಂದ!

2017ಕ್ಕೆ ಮರಳಿ ಒಂದು ಮಾತು ಉಳಿದಿದೆ. ಆ ವಿಶ್ವಕಪ್‌ಗೆ ಒಟ್ಟು 13,47,133 ಪ್ರೇಕ್ಷಕರು ಬಂದು, 1985ರ ಚೀನಾದ ದಾಖಲೆ ಮುರಿಯಿತು. ಅದರಲ್ಲಿ ನಾವಿಬ್ಬರೂ ಮೂರು ಊರಿನಲ್ಲಿ ನಾಲ್ಕು ದಿನ ಲೆಕ್ಕಕ್ಕೆ ಸೇರಿದ್ದೇವೆ. ನಾಲ್ಕನೆಯದು ಅಕ್ಟೋಬರ್ 25, ಮತ್ತೆ ನೆರೂಲ್. ಬೆಳಿಗ್ಗೆ ಕುರ್ಲಾದಲ್ಲಿ ಇಳಿದು, ದಹಿಸರ್‌ಗೆ ಹೋಗಿ ಮಿಂದು, ಮಧ್ಯಾಹ್ನ ಪುನಃ ಹೊರಟೆವು. ಸೆಮಿಫೈನಲ್, ಸ್ಪೇನ್ ಮತ್ತು ಮಾಲಿ. ಎರಡು ಗೋಲು ಹಿಂದಿದ್ದ ಮಾಲಿಯ ಚೀಕ್ ಡುಕುರೆ ದೂರದಿಂದ ಹೊಡೆದ ಚೆಂಡು ಮೇಲಿನ ಕಂಬಿಗೆ ತಾಗಿ ಗೆರೆಯ ಒಳಗೆ ಬಿದ್ದು ಹೊರಗೆ ಚಿಮ್ಮಿತು. ರೆಫರಿ ಗೋಲು ಕೊಡಲಿಲ್ಲ. ಸ್ಪೇನ್ 3-1ರಿಂದ ಗೆದ್ದಿತು. ಮೂರು ದಿನದ ಬಳಿಕ ಕೊಲ್ಕತಾದಲ್ಲಿ ಇಂಗ್ಲೆಂಡಿನೆದುರು 2-5ರಿಂದ ಸೋತದ್ದನ್ನು ನಾವು ಟಿವಿಯಲ್ಲೇ ನೋಡಿದೆವು.

ಆ ರಾತ್ರಿ ದಾದರ್‌ನಿಂದ ಹೊರಟ ಸ್ಲೋ ಲೋಕಲ್ ಮಲಾಡ್ ದಾಟುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು. ಸ್ಪೇನ್ ಶಾಲನ್ನು ಮಡಚಿ ಚೀಲಕ್ಕೆ ಹಾಕಿದ ಮಾವ ಎದುರು ಕುಳಿತ ಅಪರಿಚಿತರೊಬ್ಬರಿಗೆ ಕೈಬೆರಳಿನಿಂದ ಸೀಟಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು: ಚೆಂಡು ಬಿದ್ದದ್ದು ಇಲ್ಲಿ, ಗೆರೆ ಇದ್ದದ್ದು ಇಲ್ಲಿ. ದಹಿಸರ್ ಬಂದರೂ ಏಳಲಿಲ್ಲ. ನಾನೇ ಕೈಹಿಡಿದು ಇಳಿಸಬೇಕಾಯಿತು.