ಒಂದು ಕಾಲದ ಬೈಗುಳ: ನೈಸ್

ಊಟ ನೈಸ್, ಸಿನಿಮಾ ನೈಸ್, ಹುಡುಗನೂ ನೈಸ್. ಆದರೆ ಸುಮಾರು 700 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಯಾರನ್ನಾದರೂ ನೈಸ್ ಎಂದರೆ ಅದು ಬೈಗುಳ!

ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವನು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಅರ್ಥ ಪೆದ್ದನೇ. ಆಮೇಲೆ ಅತಿ ನಾಜೂಕಿನವರು ನೈಸ್ ಆದರು. ಅಲ್ಲಿಂದ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥ ಹುಟ್ಟಿತು. ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಇಂದಿಗೂ ಕೂದಲೆಳೆಯ ವ್ಯತ್ಯಾಸ. ‘ಹಿತವಾದ’ ಎಂಬ ಅರ್ಥ ಬೇರೂರಿದ್ದು 18ನೇ ಶತಮಾನದಲ್ಲಿ.

ಎಲ್ಲದಕ್ಕೂ ಇದೊಂದೇ ಪದ ಬಳಸುವ ಚಟವನ್ನು ಜೇನ್ ಆಸ್ಟಿನ್ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ಸೊಗಸಾಗಿ ಕೆಣಕಿದ್ದಾರೆ.

ಕನ್ನಡದ ಅಡುಗೆಮನೆಯಲ್ಲಿ ಮಾತ್ರ ನೈಸ್ ತುಂಬ ಖಚಿತ. ದೋಸೆಹಿಟ್ಟು ನೈಸಾಗಿ ರುಬ್ಬಬೇಕು, ತರಿ ಉಳಿಯಕೂಡದು. ಸಿಹಿಮಾತಾಡಿ ಕೆಲಸ ಮಾಡಿಸಿಕೊಳ್ಳುವುದಕ್ಕೂ ಕನ್ನಡಿಗರು ಹೇಳುವುದು ‘ನೈಸ್ ಮಾಡೋದು’ ಅಂತಲೇ.