ಎಲುಬು ಸವಕಳಿ: ಮಿರಜಿನ ಬಿಲ್ಲಿನಲ್ಲಿ ಕಾಣದ ಲೆಕ್ಕ

ಶೇಡಬಾಳ, ಉಗಾರ, ಕುಡಚಿ ಕಡೆಯಿಂದ ಮಹಾರಾಷ್ಟ್ರದ ಮಿರಜಿಗೆ ಬರುವ ರೈಲಿನಲ್ಲಿ ರೋಗಿಗಳಿಲ್ಲದ ದಿನ ಅಪರೂಪ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಗಡಿಯ ಕನ್ನಡಿಗರಿಗೂ ದೊಡ್ಡ ಕಾಯಿಲೆಗೆ ಮಿರಜವೇ ದಾರಿ. ಬಚ್ಚಲಲ್ಲಿ ಜಾರಿ ಚಪ್ಪೆ ಮುರಿದುಕೊಂಡ ಅಜ್ಜಿಯನ್ನೂ ಇಲ್ಲಿಗೇ ತರುತ್ತಾರೆ. ಜೊತೆಗೆ ಒಂದಿಷ್ಟು ಹಳೆಯ ನಂಬಿಕೆಗಳೂ ಬರುತ್ತವೆ.

“ವಯಸ್ಸಾತು, ಬಿದ್ದಳು, ಮುರೀತು.” ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು, ಎಲುಬು ಕಟ್ಟುವುದಕ್ಕಿಂತ ಬೇಗ ಕರಗುತ್ತದೆ. ಮುರಿಯುವವರೆಗೂ ನೋವೇ ಇರುವುದಿಲ್ಲ. ಮೊಣಕಾಲು ನೋವಿಗೆ ‘ಸವಕಳಿ’ ಎನ್ನುತ್ತೇವಲ್ಲ, ಅದು ಕೀಲಿನ ಬೇರೆಯದೇ ರೋಗ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವಕಳಿ.

“ಇದು ಮುದುಕಿಯರ ರೋಗ.” ಜಗತ್ತಿನಲ್ಲಿ 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಇದರಿಂದ ಎಲುಬು ಮುರಿಯುತ್ತದೆ. ಚಪ್ಪೆ ಮುರಿದ ಮೇಲೆ ಸಾಯುವ ಪ್ರಮಾಣ ಗಂಡಸರಲ್ಲೇ ಹೆಚ್ಚು. ಚಿಕ್ಕ ವಯಸ್ಸಿನ ಹೆಂಗಸರಿಗೂ ಇದು ತಪ್ಪಿದ್ದಲ್ಲ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಿದ ಸುದ್ದಿಯ ತನಿಖೆಗೆ 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಸಮಿತಿಯನ್ನೇ ರಚಿಸಿತ್ತು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದುಬಿಟ್ಟರೆ ಸವಕಳಿ ಅಂದೇ ಶುರು. ಆ ಲೆಕ್ಕ ಯಾವ ಸಕ್ಕರೆ ಕಾರ್ಖಾನೆಯ ಪುಸ್ತಕದಲ್ಲೂ ಇಲ್ಲ.

“ಬಿಸಿಲೈತಿ, ಜೋಳದ ರೊಟ್ಟಿ ಐತಿ, ಸಾಕು.” ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿಲಿಗ್ರಾಂ, 100 ಗ್ರಾಂ ಜೋಳದಲ್ಲಿ ಸಿಗುವುದು 30ರ ಆಸುಪಾಸು. ರೊಟ್ಟಿಯ ಜೊತೆ ಮೊಸರು, ಎಳ್ಳು, ಸೊಪ್ಪು ಬೇಕು. ಬಿಸಿಲಂತೂ ಮನೆಯೊಳಗೇ ಕೂತವರಿಗೆ ತಾಗುವುದಿಲ್ಲ.

“ಆಪರೇಷನ್ ಆತು, ಬಿಲ್ ಕಟ್ಟಿದ್ವಿ, ಮುಗೀತು.” ಈ ನಂಬಿಕೆಯೇ ಎಲ್ಲಕ್ಕಿಂತ ದುಬಾರಿ. 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ನೆರವನ್ನು ಕೇಂದ್ರ 2024ರಲ್ಲಿ ಘೋಷಿಸಿತು. ಅದು ಆಸ್ಪತ್ರೆಯ ಖರ್ಚಿಗೆ. ತಿಂಗಳುಗಟ್ಟಲೆ ಅತ್ತೆಯನ್ನು ಎತ್ತಿ ಕೂರಿಸಲು ತಾಸಗಾಂವದ ದ್ರಾಕ್ಷಿ ತೋಟದ ಕೂಲಿ ಬಿಟ್ಟ ಸೊಸೆಯ ಪಗಾರ ಯಾರು ಕೊಡುತ್ತಾರೆ? ಮಗನ ರಜೆ, ವಾಕರ್, ಕಮೋಡ್ ಕುರ್ಚಿ, ಮರುತಪಾಸಣೆಗೆ ಬಾಡಿಗೆ ಗಾಡಿ, ಇವೆಲ್ಲ ಸಾಲದ ಚೀಟಿಗೆ ಸೇರುತ್ತವೆ. ಚಪ್ಪೆ ಮುರಿದ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಬಹಳ ಜನ ಮೊದಲಿನಂತೆ ನಡೆಯುವುದಿಲ್ಲ. ಸೊಸೆಗೂ ಅಷ್ಟರಲ್ಲಿ ಮುಟ್ಟು ನಿಲ್ಲುವ ವಯಸ್ಸು. ಆಕೆಯ ಎಲುಬನ್ನು ಯಾರೂ ಅಳೆದಿರುವುದಿಲ್ಲ.

ರಾಡು ಹಾಕಿದರೆ ಮುರಿದ ಜಾಗ ಕೂಡುತ್ತದೆ, ಸವಕಳಿ ನಿಲ್ಲುವುದಿಲ್ಲ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು, ಬರೀ ಕ್ಯಾಲ್ಸಿಯಂ ಗುಳಿಗೆ ಅದನ್ನು ತಡೆಯದು. ಡಿಸ್ಚಾರ್ಜ್ ಹೊತ್ತಿಗೆ ‘ಎಲುಬು ಕರಗುವುದನ್ನು ನಿಲ್ಲಿಸುವ ಔಷಧಿ ಯಾವುದು’ ಎಂದು ಕೇಳಿ. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಜನರಿಕ್‌ನಲ್ಲೂ ಸಿಗುತ್ತದೆ; ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ನೀರಿನೊಂದಿಗೆ ನುಂಗಿ ಅರ್ಧ ತಾಸು ಮಲಗಬಾರದು. ಕೂರಲಾಗದ ಅಜ್ಜಿಗೆ, ಕಿಡ್ನಿ ಪರೀಕ್ಷೆ ನೋಡಿಕೊಂಡು, ವರ್ಷಕ್ಕೊಮ್ಮೆ ಸಲೈನ್‌ನಂತೆ ಏರಿಸುವ ಜೊಲೆಡ್ರೊನಿಕ್ ಆಮ್ಲವೂ ಇದೆ.