ಹಳೇ ಟ್ರ್ಯಾಕ್ಟರ್ ಮಿಸ್ಸಿಂಗ್ ಹೊಡೆದರೆ ಬೋರೇ ಹೋಗಿರಬೇಕೆಂದಿಲ್ಲ

ವರ್ತೂರು, ಸರ್ಜಾಪುರ, ಅತ್ತಿಬೆಲೆ, ಆನೇಕಲ್ ಕಡೆ ಐಟಿ ಪಾರ್ಕಿನ ಕಾಂಪೌಂಡ್ ದಾಟಿದರೆ ಇನ್ನೂ ಅಲ್ಲಲ್ಲಿ ರಾಗಿ ಹೊಲ ಕಾಣುತ್ತದೆ. ಹೊಲ ಲೇಔಟ್ ಆದ ಮನೆಗಳಲ್ಲೂ ಟ್ರ್ಯಾಕ್ಟರ್ ಮಾತ್ರ ಉಳಿದಿದೆ. ಮಳೆ ಬಿದ್ದಾಗ ಉಳುಮೆ, ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿಗೆ ನೀರು, ಉಳಿದ ದಿನ ಇಟ್ಟಿಗೆ, ಜಲ್ಲಿ, ಎಂ-ಸ್ಯಾಂಡ್. 5,000 ಲೀಟರ್ ನೀರೆಂದರೆ 5 ಟನ್. ಟ್ಯಾಂಕರಿನ ತೂಕ ಬೇರೆ. ಇಷ್ಟನ್ನು ಎಳೆಯುವುದು ಬಹಳ ಕಡೆ 35 ಅಶ್ವಶಕ್ತಿಯ ಹಳೇ ಮ್ಯಾಸ್ಸಿ, ಮಹೀಂದ್ರ ಅಥವಾ ಎಚ್‌ಎಂಟಿ ಗಾಡಿ. ಅದು ಒಂದು ದಿನ ಮಿಸ್ಸಿಂಗ್ ಹೊಡೆಯತೊಡಗಿದರೆ ಸುತ್ತ ನಿಂತವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಆ ಮಾತುಗಳಲ್ಲಿ ಯಾವುದು ನಿಜ, ಯಾವುದು ಖರ್ಚಿನ ದಾರಿ ಎಂಬುದನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಗಾಡಿ ಹಳೇದು, ಮಿಸ್ಸಿಂಗ್ ಅಂದರೆ ಬೋರ್ ಹೋಗಿದೆ, ಇಂಜಿನ್ ಕೆಲಸ ಮಾಡಿಸಲೇಬೇಕು.

ವಾಸ್ತವ: ಬೋರ್, ರಿಂಗ್ ಸವೆದ ಇಂಜಿನ್ ಅದನ್ನು ಮುಚ್ಚಿಡುವುದಿಲ್ಲ. ಆಯಿಲ್ ಬೇಗ ಇಳಿಯುತ್ತದೆ, ಬ್ರೀದರ್ ಪೈಪಿನಿಂದ ಹೊಗೆ ಬರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ, ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಇವೆಲ್ಲ ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವ ಲಕ್ಷಣ. ನಿನ್ನೆ ಸಂಜೆಯವರೆಗೆ ಚೆನ್ನಾಗಿದ್ದ ಗಾಡಿ ಇವತ್ತು ದಿಢೀರನೆ ಒರಟಾಯಿತೆಂದರೆ ಮೊದಲು ಅನುಮಾನಿಸಬೇಕಾದ್ದು ಡೀಸೆಲ್ ಬರುವ ದಾರಿಯನ್ನು.

ಇನ್ನೊಂದು ಮಾತು. ಎಚ್‌ಎಂಟಿ 2511ರಂಥ ಎರಡು ಸಿಲಿಂಡರಿನ ಗಾಡಿ ಸ್ಲೋ ಬಿಟ್ಟಾಗ ಮೂರು ಸಿಲಿಂಡರಿನದಕ್ಕಿಂತ ಹೆಚ್ಚು ಅಲುಗುತ್ತದೆ. ಅದು ರೋಗವಲ್ಲ, ಅದರ ಗುಣ. ಪಕ್ಕದ ಮನೆಯ ಗಾಡಿಗೆ ಹೋಲಿಸಬೇಡಿ; ನಿಮ್ಮ ಗಾಡಿಯ ಹಳೆಯ ಸದ್ದಿಗೇ ಹೋಲಿಸಿ.

ತಪ್ಪು ಕಲ್ಪನೆ 2: ಪ್ಲಗ್ ಬದಲಿಸಿದರೆ ಸರಿಹೋಗುತ್ತದೆ.

ವಾಸ್ತವ: ಇದು ಬೈಕ್ ಓಡಿಸುವವರ ಸಲಹೆ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಸುಮಾರು ಹದಿನಾರು, ಹದಿನೇಳನೇ ಒಂದು ಪಾಲಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ನಾಜಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹುಡುಕಬೇಕಾದ್ದು ಮೂರೇ: ಗಾಳಿ ಸಾಕಷ್ಟು ಬರುತ್ತಿದೆಯೇ, ಡೀಸೆಲ್ ಸರಿಯಾದ ಹೊತ್ತಿಗೆ ಸರಿಯಾಗಿ ಚಿಮ್ಮುತ್ತಿದೆಯೇ, ಕಂಪ್ರೆಷನ್ ನಿಲ್ಲುತ್ತಿದೆಯೇ.

ತಪ್ಪು ಕಲ್ಪನೆ 3: ಪೈಪಿನಿಂದ ಡೀಸೆಲ್ ಸೋರುತ್ತಿಲ್ಲ, ಹಾಗಾಗಿ ಏರ್ ಹಿಡಿದಿರಲು ಸಾಧ್ಯವಿಲ್ಲ.

ವಾಸ್ತವ: ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಇದೇ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಪಂಪು ಎಳೆದುಕೊಳ್ಳುತ್ತದೆ. ಅಲ್ಲಿ ವಾಷರ್ ಹಳತಾಗಿದ್ದರೆ, ರಬ್ಬರ್ ಪೈಪ್ ಬಿರಿದಿದ್ದರೆ ಹೊರಗೆ ಒಂದು ಹನಿಯೂ ಸೋರದೆ ಗಾಳಿ ಒಳಗೆ ಹೋಗಬಹುದು. ಆಗ ಇಂಜಿನ್ ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ‘ಗವರ್ನರ್ ಹೋಯ್ತು’ ಎಂದು ಪಂಪು ಬಿಚ್ಚಿಸುವುದು ಆಗಲೇ.

ಪರೀಕ್ಷೆ ಸುಲಭ. ಆ ದಾರಿಯಲ್ಲಿ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ಗಾಡಿ ಓಡಿಸಿ; ಗುಳ್ಳೆ ಹರಿದರೆ ಕಳ್ಳ ಸಿಕ್ಕಂತೆ. ಏರ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಬೇಕು. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ನಾಜಲ್ ಪೈಪುಗಳ ನಟ್ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಒಮ್ಮೆ ಏರ್ ತೆಗೆದ ಮೇಲೂ ಮರುದಿನ ಮತ್ತೆ ಅದೇ ಕಥೆಯಾದರೆ, ಸೋರುವ ಜಾಗ ಇನ್ನೂ ಉಳಿದಿದೆ ಎಂದರ್ಥ.

ಟ್ಯಾಂಕಿನ ಮುಚ್ಚಳದ ಸಣ್ಣ ತೂತನ್ನೂ ನೋಡಿ. ಅದು ಧೂಳಿನಿಂದ ಕಟ್ಟಿಕೊಂಡರೆ ಗಾಡಿ ಸ್ವಲ್ಪ ದೂರ ಚೆನ್ನಾಗಿ ಹೋಗಿ, ಲೋಡಿನಲ್ಲಿ ತಡವರಿಸಿ ನಿಲ್ಲುತ್ತದೆ. ಮುಚ್ಚಳ ತಿರುಗಿಸಿದಾಗ ‘ಉಸ್’ ಎಂದರೆ ರಿಪೇರಿ ಖರ್ಚು ಒಂದು ಸೂಜಿ.

ತಪ್ಪು ಕಲ್ಪನೆ 4: ಈಗಿನ ಡೀಸೆಲ್‌ನಲ್ಲಿ ಎಥನಾಲ್ ಇದೆ, ಅದಕ್ಕೇ ಹಳೇ ಇಂಜಿನ್ ಕೆಡುತ್ತಿದೆ.

ವಾಸ್ತವ: ಶೇ 20ರಷ್ಟು ಎಥನಾಲ್ ಬೆರೆಸುವುದು ಪೆಟ್ರೋಲಿಗೆ. ಬಂಕಿನ ಡೀಸೆಲ್‌ಗೆ ಅದು ಅನ್ವಯಿಸುವುದಿಲ್ಲ. ಡೀಸೆಲ್‌ನಲ್ಲಿ ಆದ ದೊಡ್ಡ ಬದಲಾವಣೆ ಗಂಧಕದ್ದು: 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಿಎಸ್-6 ಡೀಸೆಲ್ ಬಂತು. ಅದರಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಪಾಲನ್ನು ಮೀರುವಂತಿಲ್ಲ.

ಹಳೇ ಗಾಡಿಗೆ ತೊಂದರೆ ಕೊಡುವುದು ಬಹಳ ಸಲ ನಮ್ಮ ಕ್ಯಾನು. ಕ್ಯಾನಿನ ತಳದ ನೀರು, ಜರಡಿಯಿಲ್ಲದ ಆಲಿಕೆ, ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿ ತಂಪಿಗೆ ಹನಿಗಟ್ಟುವ ತೇವ. ನೀರು ಡೀಸೆಲಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಇಳಿಸಿ ನೋಡಿ. ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸುವುದು ಒಳ್ಳೆಯ ರೂಢಿ. ಸೀಮೆಎಣ್ಣೆ ಬೆರೆಸುವುದಂತೂ ಬೇಡ: ಪಂಪಿನ ಒಳಭಾಗಗಳಿಗೆ ಜಾರು ಕೊಡುವುದು ಡೀಸೆಲ್ಲೇ, ಸೀಮೆಎಣ್ಣೆಯಲ್ಲಿ ಆ ಗುಣ ಕಡಿಮೆ.

ತಪ್ಪು ಕಲ್ಪನೆ 5: ಯಾವ ನಾಜಲ್ ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ, ಎಲ್ಲವನ್ನೂ ಬದಲಿಸಿ.

ವಾಸ್ತವ: ಗೊತ್ತಾಗುತ್ತದೆ. ಇಂಜಿನ್ ಸ್ಲೋದಲ್ಲಿರುವಾಗ ನಾಜಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಇನ್ನಷ್ಟು ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಕಾಣದಿದ್ದರೆ ಮಲಗಿರುವುದು ಅದೇ. ಅಲ್ಲಿನ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ದೋಷವೂ ಜೊತೆಗೇ ಹೋದರೆ ತಪ್ಪು ನಾಜಲಿನದು. ಅಲ್ಲೇ ಉಳಿದರೆ ವಾಲ್ವ್, ಕಂಪ್ರೆಷನ್ ಅಥವಾ ಪಂಪಿನದು. ನಾಜಲ್ ಮತ್ತೆ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಇರಲಿ, ಹಳೇದರ ಮೇಲೆ ಹೊಸದು ಬೇಡ.

ಎಚ್ಚರ: ನಾಜಲಿನ ಚಿಲುಮೆಗೆ ಬೆರಳೊಡ್ಡಿ ‘ಪ್ರೆಷರ್ ಇದೆಯಾ’ ಎಂದು ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಪ್ಪು ಕಲ್ಪನೆ 6: ಕಪ್ಪು ಹೊಗೆ ಬಂದರೆ ಗಾಡಿಗೆ ದಮ್ಮಿದೆ, ಪಂಪಿನ ಸ್ಕ್ರೂ ಸ್ವಲ್ಪ ಏರಿಸಿದರೆ ಎಳೆತ ಬರುತ್ತದೆ.

ವಾಸ್ತವ: ಕಪ್ಪು ಹೊಗೆ ಎಂದರೆ ಉರಿಯದೆ ಮಸಿಯಾಗಿ ಹೋದ ಡೀಸೆಲ್. ಇಲ್ಲವೇ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಹೆಚ್ಚು. ನೀರಿನ ಲೋಡಿಗೆಂದು ಪಂಪು ಏರಿಸಿದರೆ ಇಂಜಿನ್ ಕಾಯುತ್ತದೆ, ಪಿಸ್ಟನ್ನಿಗೆ ಮಸಿ ಕಟ್ಟುತ್ತದೆ, ಹಣ ಸೈಲೆನ್ಸರಿನಲ್ಲಿ ಹೋಗುತ್ತದೆ.

ಪಂಪು ಎಂಥ ವಸ್ತು ಎಂಬುದು ಬೆಂಗಳೂರಿಗೆ ಚೆನ್ನಾಗಿ ಗೊತ್ತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಬಾಯಲ್ಲಿ ‘ಮೈಕೋ’, ಆಡುಗೋಡಿಯಲ್ಲಿ ಪಂಪು, ನಾಜಲ್ ಮಾಡಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಹಳೇ ಪಂಪುಗಳ ಮೈಮೇಲೆ ಮೈಕೋ ಹೆಸರು ಇನ್ನೂ ಇದೆ. ಒಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಅಂತರ ಕೆಲವೇ ಮೈಕ್ರಾನ್. ಪೀಣ್ಯದ ಗ್ರೈಂಡಿಂಗ್ ಮೆಷಿನ್ನಿನ ಮುಂದೆ ನಿಂತವರಿಗೆ ಆ ಅಳತೆ ಎಷ್ಟು ಸೂಕ್ಷ್ಮವೆಂದು ಬಿಡಿಸಿ ಹೇಳಬೇಕಿಲ್ಲ. ಕ್ಯಾಲಿಬ್ರೇಷನ್ ಶೆಡ್ಡಿನ ಬೆಂಚಿನಲ್ಲಿ ಪ್ರತಿ ಸಿಲಿಂಡರಿಗೆ ಹೋಗುವ ಡೀಸೆಲನ್ನು ಗಾಜಿನ ಕೊಳವೆಗಳಲ್ಲಿ ಅಳೆದು ಸಮ ಮಾಡುತ್ತಾರೆ. ಮರದ ನೆರಳಲ್ಲಿ ಸ್ಪ್ಯಾನರ್ ಹಿಡಿದು ಮಾಡುವ ಕೆಲಸವಲ್ಲ ಅದು. ಪಂಪು ಬಿಚ್ಚಲೇಬೇಕಾದರೆ ಟೈಮಿಂಗ್ ಗುರುತು ನೋಡಿಕೊಂಡೇ ಬಿಚ್ಚಿ. ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ಇಂಜಿನ್ ಕಟಕಟ ಬಡಿಯುತ್ತದೆ ಅಥವಾ ಬಿಳಿ ಹೊಗೆ ಕಾರುತ್ತದೆ.

ತಪ್ಪು ಕಲ್ಪನೆ 7: ಧೂಳು ಜಾಸ್ತಿ, ಏರ್ ಕ್ಲೀನರಿಗೆ ಗುರುತಿಗಿಂತ ಹೆಚ್ಚು ಆಯಿಲ್ ಹಾಕಿದರೆ ಒಳ್ಳೆಯದು.

ವಾಸ್ತವ: ಹೆಚ್ಚಾದ ಆಯಿಲನ್ನು ಇಂಜಿನ್ ಒಳಗೆಳೆದುಕೊಂಡು ಉರಿಸುತ್ತದೆ. ಕೆಟ್ಟ ಗಳಿಗೆಯಲ್ಲಿ ಆ ಆಯಿಲಿಗೇ ಹಿಡಿತ ತಪ್ಪಿ ಓಡಬಹುದು, ಸ್ಟಾಪ್ ಕೇಬಲ್ ಎಳೆದರೂ ನಿಲ್ಲದೆ. ಗುರುತಿನಷ್ಟೇ ಹಾಕಿ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಟ್ಟಡದ ಧೂಳಿನಲ್ಲಿ ಓಡುವ ಗಾಡಿಯ ಬಟ್ಟಲನ್ನು ದಿನವೂ ತೆರೆದು ನೋಡಿ, ತಳದಲ್ಲಿ ಕೆಸರು ಕಂಡರೆ ತೊಳೆದು ಹೊಸ ಆಯಿಲ್ ಹಾಕಿ.

ತಪ್ಪು ಕಲ್ಪನೆ 8: ಟ್ಯಾಪೆಟ್ ಸದ್ದು ಮಾಡುತ್ತಿಲ್ಲ, ಅಂದರೆ ಸರಿಯಾಗಿದೆ.

ವಾಸ್ತವ: ಸಡಿಲವಾದ ಟ್ಯಾಪೆಟ್ ಕಟಕಟ ಎಂದು ಹೇಳಿಕೊಳ್ಳುತ್ತದೆ. ಬಿಗಿಯಾದದ್ದು ಸುಮ್ಮನಿರುತ್ತದೆ, ಅಪಾಯ ಅದರದ್ದೇ ಹೆಚ್ಚು. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಕ್ರಮೇಣ ವಾಲ್ವ್ ಸುಡುತ್ತದೆ. ಎಷ್ಟು ಅಂತರ ಬಿಡಬೇಕು, ಇಂಜಿನ್ ತಣ್ಣಗಿರುವಾಗಲೋ ಬಿಸಿಯಿರುವಾಗಲೋ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಕಂಪನಿಯ ಪುಸ್ತಕ ನೋಡಿ, ಫೀಲರ್ ಗೇಜ್ ಹಾಕಿಯೇ ಹೊಂದಿಸಬೇಕು.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಏರ್ ಕ್ಲೀನರ್, ಟ್ಯಾಂಕ್ ಮುಚ್ಚಳ, ಡೀಸೆಲ್‌ನ ನೀರು, ಫಿಲ್ಟರ್, ಏರ್ ಲಾಕ್, ನಾಜಲ್, ಟ್ಯಾಪೆಟ್, ಕಂಪ್ರೆಷನ್. ಪಂಪು ಬಿಚ್ಚುವುದು, ಹೆಡ್ ಎತ್ತುವುದು ಇವೆಲ್ಲದರ ನಂತರ. ಮೊದಲಿನ ಐದನ್ನು ನೀವೇ ಒಂದು ಬೆಳಗ್ಗೆ ನೋಡಿ ಮುಗಿಸಬಹುದು. ‘ಬೋರ್ ಹೋಗಿದೆ’ ಎನ್ನುವ ಮೆಕ್ಯಾನಿಕ್ಕಿಗೆ ಒಂದೇ ಮಾತು ಹೇಳಿ: ಕಂಪ್ರೆಷನ್ ಅಳೆದು ತೋರಿಸಿ, ಆಮೇಲೆ ಹೆಡ್ ಬಿಚ್ಚಿ.